ಬೆಟ್ಟದಾಚೆಯ ಹೆಸರು

ಕೂಸು ಸೀನಲೇ ಇಲ್ಲ.

ಬೆಳಗಿನಿಂದ ಹನ್ನೊಂದು ಹೆಸರು ಕೂಗಿ ಆಗಿತ್ತು. ಅಪ್ಪನ ಕಡೆಯ ಸತ್ತವರು ಮುಗಿದರು, ಅಮ್ಮನ ಕಡೆಯ ಸತ್ತವರೂ ಮುಗಿದರು. ಕೊನೆಗೆ ಬದುಕಿದ್ದಾಗ ಯಾರಿಗೂ ಬೇಡವಾಗಿದ್ದ ಜಗಳಗಂಟಿ ಸೋದರತ್ತೆಯೊಬ್ಬಳನ್ನೂ, ಬಂದರೆ ಬರಲಿ ಎಂದು ಕರೆದು ನೋಡಿದ್ದಾಯಿತು. ಸೂಲಗಿತ್ತಿ ಮುದುಕಿ ಕೂಸಿನ ಮೂಗಿನ ಹತ್ತಿರ ಒಂದು ಚಿಟಿಕೆ ನಶ್ಯ ಹಿಡಿದಳು. ಸುತ್ತ ಕೂತಿದ್ದ ಹೆಂಗಸರೆಲ್ಲ ಸೀನಿದರು. ಕೂಸು ಮಾತ್ರ ಅವರ ಮುಖಗಳನ್ನು ಒಂದೊಂದಾಗಿ ನೋಡಿ ಆಕಳಿಸಿತು.

ಸತ್ತವರಲ್ಲಿ ಯಾರಾದರೊಬ್ಬರು ಕೂಸಿನೊಳಗೆ ಬಂದು ಕೂರಬೇಕು. ತಮ್ಮ ಹೆಸರು ಕಿವಿಗೆ ಬಿದ್ದಾಗ ಸೀನಿ, ಹೂಂ ನಾನೇ ಎನ್ನಬೇಕು. ಅಲ್ಲಿಯವರೆಗೆ ಹುಟ್ಟುಗೂದಲು ತೆಗೆಯುವಂತಿಲ್ಲ, ತಾಯಿ ದನದ ಅಂಗಳಕ್ಕಾಗಲಿ ಹೊಲಕ್ಕಾಗಲಿ ಕಾಲಿಡುವಂತಿಲ್ಲ. ಎಲ್ಗಾನ್ ಬೆಟ್ಟದ ಮೈಮೇಲೆ ಹುಟ್ಟಿದವರಿಗೆಲ್ಲ ಇದೇ ನಿಯಮ. ಅಜ್ಜಿ ಚೆಸಾಂಗ್ ಕೂಡ ಹೀಗೆಯೇ ಒಂದು ಬೆಳಿಗ್ಗೆ ಸೀನಿ ಹೆಸರು ಪಡೆದವಳು.

ಸೂಲಗಿತ್ತಿ ನಶ್ಯದ ಕೊಂಬನ್ನು ಮುಚ್ಚಿದಳು. "ಇದರೊಳಗೆ ಇನ್ನೂ ಯಾರೂ ಬಂದಿಲ್ಲ. ಯಾರಿಗೋ ಜಾಗ ಹಿಡಿದು ಕೂತಿದೆ. ಚೆಸಾಂಗ್, ಯಾರನ್ನ ಬಿಟ್ಟಿದೀಯ ಹೇಳು."

"ಎಲ್ಲರನ್ನೂ ಕರೆದಾಯ್ತಲ್ಲ."

"ನಿನ್ನ ಅಕ್ಕನ್ನ?"

ಬಾಣಂತಿ ಸೊಸೆ ಯಾಪ್ಸಿವ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅತ್ತೆಗೊಬ್ಬಳು ಅಕ್ಕ ಇದ್ದದ್ದೇ ಅವಳಿಗೆ ಗೊತ್ತಿರಲಿಲ್ಲ.

"ಅವಳು ಬದುಕಿದಾಳೆ," ಎಂದಳು ಚೆಸಾಂಗ್.

"ಯಾರು ಹೇಳಿದ್ರು?"

"ಸತ್ತಳು ಅಂತ ಯಾರೂ ಹೇಳಿಲ್ವಲ್ಲ."

"ಬದುಕಿದಾಳೆ ಅಂತಲೂ ಯಾರೂ ಹೇಳಿಲ್ಲ," ಎಂದು ಸೂಲಗಿತ್ತಿ ಎದ್ದಳು. "ಬದುಕಿರೋರ ಹೆಸರನ್ನ ಈ ಶಾಸ್ತ್ರದಲ್ಲಿ ಕೂಗಿದ್ರೆ, ಬೇಗ ಸಾಯಿ ಬಾ ಅಂತ ಕರೆದ ಹಾಗೆ. ನಾನು ಕೂಗಲ್ಲ. ಮೊದಲು ತಿಳ್ಕೊಂಡು ಬಾ."

ಅಕ್ಕನ ಹೆಸರು ತಪ್ಲೆಲೆ. ನಲವತ್ತು ವರ್ಷದಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡದ ಹೆಸರು. ಮದುವೆಗೆ ಗಂಡಿನ ಕಡೆಯವರು ಹಸುಗಳನ್ನು ಕೊಟ್ಟು, ಅಪ್ಪ ಅವನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿ, ನಾಲ್ಕನೇ ದಿನಕ್ಕೆ ತಪ್ಲೆಲೆ ಬೆಟ್ಟದಾಚೆಯ ಜೇನು ವ್ಯಾಪಾರಿಯೊಬ್ಬನ ಹಿಂದೆ ಹೊರಟುಹೋಗಿದ್ದಳು. ಹಸುಗಳಲ್ಲಿ ಎರಡು ಆಗಲೇ ಗಬ್ಬವಾಗಿದ್ದವು. ಅಪ್ಪನಿಗೆ ಅವನ್ನು ಹಿಂದಕ್ಕೆ ಕಳಿಸಲು ಮನಸ್ಸಾಗಲಿಲ್ಲ. ಹಾಗಾಗಿ ಹಸುಗಳು ಉಳಿದವು, ಚೆಸಾಂಗ್ ಹೋದಳು. ಆಗ ಅವಳಿಗೆ ಹದಿನಾರು, ಮದುಮಗನಿಗೆ ನಲವತ್ತು. ಅಕ್ಕನಿಗೆಂದು ಹೊಲಿದ ಚರ್ಮದ ಮೇಲುಹೊದಿಕೆಯೂ ಅವಳ ಮೈಗೆ ದೊಡ್ಡದಾಗಿತ್ತು.

ಆ ಸಿಟ್ಟನ್ನು ಚೆಸಾಂಗ್ ಚೆನ್ನಾಗಿಯೇ ಸಾಕಿಕೊಂಡು ಬಂದಿದ್ದಳು. ಆದರೆ ಸಿಟ್ಟು ಇರಬೇಕಾದರೆ ಅದನ್ನು ಇಟ್ಟುಕೊಳ್ಳಲು ಆಚೆ ಒಬ್ಬಳು ಇರಬೇಕಲ್ಲ. ಇಲ್ಲವೆಂದಾದರೆ?

ಬೆಟ್ಟದ ತುದಿಯ ಹತ್ತಿರ ಬಿಸಿನೀರಿನ ಬುಗ್ಗೆಗಳಿವೆ. ಮಳೆಯಿಲ್ಲದ ಜನವರಿಯಲ್ಲಿ ಎರಡೂ ಕಡೆಯ ಮಂಡಿನೋವಿನ ಮುದುಕರು ಅಲ್ಲಿಗೆ ಹತ್ತುತ್ತಾರೆ. ಅಲ್ಲಿ ಕೇಳಿದರೆ ಯಾರು ಇದ್ದಾರೆ, ಯಾರು ಹೋದರು ಎಂಬುದೆಲ್ಲ ತಿಳಿಯುತ್ತದೆ. ಜೇನು ಕೀಳುವ ಮಂಗುಶೊ ಮೇಲಕ್ಕೆ ಹೊರಟಿದ್ದ. ಐವತ್ತು ದಾಟಿದ, ಬಾಯಿ ಸುಮ್ಮನಿರದ ಆಸಾಮಿ.

"ನಾನೂ ಬರ್ತೀನಿ," ಎಂದಳು ಚೆಸಾಂಗ್.

"ಕೊಗೊ, ನಿಮ್ಮನ್ನ ಹೊತ್ಕೊಂಡು ಇಳಿಯೋ ಶಕ್ತಿ ನಂಗಿಲ್ಲ," ಎಂದ ಮಂಗುಶೊ. ಅಜ್ಜಿಯರನ್ನೆಲ್ಲ ಅಲ್ಲಿ ಕೊಗೊ ಎಂದೇ ಕರೆಯುವುದು.

"ಸತ್ರೆ ಅಲ್ಲೇ ಬಿಟ್ಟು ಬಾ. ನನ್ನ ಹೆಸರಿಗಾದ್ರೂ ಕೂಸು ಸೀನುತ್ತೆ."

ಬೆಳಿಗ್ಗೆ ಕಾಡು ಹೊಕ್ಕರು. ನಾಲ್ಕು ಜನ ತೋಳು ಚಾಚಿದರೂ ತಬ್ಬಲಾಗದ ಮರಗಳ ನಡುವೆ, ಬಿಳಿ ಬಾಲದ ಕರಿ ಕೋತಿಗಳು ಮೇಲಿನಿಂದ ಇಣುಕಿ ಬೈಯುತ್ತಿದ್ದವು. ಈ ಬೆಟ್ಟದ ಗುಣವೇ ಬೇರೆ. ಅದು ಎದುರಿಗೆ ನಿಂತು ಹೆದರಿಸುವುದಿಲ್ಲ. ಕಾಲ ಕೆಳಗಿನ ನೆಲವನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋಗುತ್ತದೆ, ಹತ್ತುತ್ತಿದ್ದೇವೆ ಎಂಬುದು ಉಸಿರಿಗೆ ಮಾತ್ರ ಗೊತ್ತಾಗುತ್ತದೆ. ಅದನ್ನು ಒಂದು ಸುತ್ತು ಬರಲು ಎಷ್ಟು ದಿನ ಬೇಕೆಂದು ಅವರ ಊರಿನಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಸುತ್ತಿ ಬಂದವರೇ ಇರಲಿಲ್ಲ.

ಹೊತ್ತು ಏರುವ ಮೊದಲೇ ಉಪ್ಪಿನ ಗುಹೆ ಸಿಕ್ಕಿತು. ಬಾಯಿಗೆ ಅಡ್ಡವಾಗಿ ತೆಳ್ಳಗೆ ನೀರು ಸುರಿಯುತ್ತಿತ್ತು. ಚೆಸಾಂಗ್ ತಲೆ ಬಗ್ಗಿಸಿ ಅದನ್ನು ದಾಟಿ ಒಳಗೆ ಹೋದಳು. ಮದುವೆಗೆ ಮುಂಚೆ ಅಕ್ಕತಂಗಿಯರು ದನಗಳಿಗೆ ಉಪ್ಪು ನೆಕ್ಕಿಸಲು ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಿದ್ದರು. ತಪ್ಲೆಲೆ ಯಾವಾಗಲೂ ಮುಂದೆ. ಚೆಸಾಂಗ್ ಏದುಸಿರು ಬಿಡುತ್ತ ಬಂದಾಗ ಅವಳು ಆಗಲೇ ಗುಹೆಯ ಬಾಯಲ್ಲಿ ಕೂತು, ಇಷ್ಟು ಹೊತ್ತಾ, ನಿನಗೆ ಮದುವೆ ಮಾಡಿಬಿಟ್ಟರೆ ಗಂಡನ ಮನೆ ಸೇರುವಷ್ಟರಲ್ಲಿ ಮುದುಕಿಯಾಗಿರುತ್ತೀಯ ಎನ್ನುತ್ತಿದ್ದಳು.

ಗೋಡೆಯ ತುಂಬ ಆನೆಯ ದಂತದ ಗೀರುಗಳಿದ್ದವು. ಮೊಳದುದ್ದದ ಗೀರುಗಳು, ಒಂದರ ಮೇಲೊಂದು, ಕೈ ಹೋಗುವ ಎತ್ತರಕ್ಕಿಂತ ಮೇಲೆ, ಬೆಳಕು ಹೋಗುವ ಆಳಕ್ಕಿಂತ ಒಳಗೆ. ಆನೆಗಳು ಉಪ್ಪಿನ ಆಸೆಗೆ ಬಂದು ಕಲ್ಲನ್ನು ಕೊರೆದು ತಿಂದು, ಅವುಗಳ ಮರಿಗಳು ತಿಂದು, ಮರಿಗಳ ಮರಿಗಳು ತಿಂದು ಈ ಗುಹೆ ಇಷ್ಟು ದೊಡ್ಡದಾಗಿದೆ. ಚಿಕ್ಕಂದಿನಲ್ಲಿ ಅವಳಿಗೆ ಇದು ಬರೀ ಗುಹೆ. ಈಗ ಆ ಗೀರಿನೊಳಗೆ ಬೆರಳಿಟ್ಟಾಗ ಮೈ ಜುಮ್ಮೆಂದಿತು. ಬೆಟ್ಟವನ್ನೇ ನೆಕ್ಕಿ ನೆಕ್ಕಿ ಇಷ್ಟು ಖಾಲಿ ಮಾಡಲು ಎಷ್ಟು ತಲೆಮಾರು ಬೇಕಾಗಿರಬೇಕು. ಅವಳು ಒಂದು ಹೆಂಟೆ ಉಪ್ಪುಮಣ್ಣು ಕೆರೆದು ಬಟ್ಟೆಯಲ್ಲಿ ಕಟ್ಟಿಕೊಂಡಳು.

"ಅದ್ಯಾಕೆ ಕೊಗೊ?"

"ಬದುಕಿದ್ರೆ ಕೊಡೋಕೆ."

"ಇಲ್ದಿದ್ರೆ?"

"ನಿನ್ನ ಬಾಯಿಗೆ ತುರುಕೋಕೆ."

ಅವಳು ಹಿಂದೆಂದೂ ಗುಹೆ ದಾಟಿ ಮೇಲೆ ಹೋದವಳಲ್ಲ. ಅಲ್ಲಿಂದಾಚೆಗೆ ಬೆಟ್ಟ ಅವಳಿಗೆ ಹೊಸದು. ಬಿದಿರು ಬಂತು, ಎಷ್ಟು ದಟ್ಟವೆಂದರೆ ಮಧ್ಯಾಹ್ನವೇ ಸಂಜೆಯಾಯಿತು. ಬಿದಿರು ಮುಗಿದದ್ದೇ ಗಾಳಿ ಬದಲಾಯಿತು. ಗಿಡಗಳಿಗೆಲ್ಲ ಬೂದುಬಣ್ಣದ ಪಾಚಿಯ ಗಡ್ಡ ಇಳಿಬಿದ್ದಿತ್ತು. ಹೊತ್ತು ಮುಳುಗುವ ಮುಂಚೆ ಜೇನಿನವರ ಕಲ್ಲಾಸರೆ ಸೇರಿ, ಜೋಳದ ಹಿಟ್ಟಿನ ಮುದ್ದೆಯನ್ನು ಇದ್ದಿಲು ತಿಕ್ಕಿದ ಸೋರೆಬುರುಡೆಯ ಹುಳಿಹಾಲಿನಲ್ಲಿ ಅದ್ದಿ ತಿಂದು ಮಲಗಿದರು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗಿತ್ತು. ಹುಲ್ಲಿನ ಮೇಲೆ ಕಾಲಿಟ್ಟರೆ ಕರುಂ ಎಂದು ಮುರಿಯುತ್ತಿತ್ತು. ಮುಂದಿನ ಇಳಿಜಾರಿನ ತುಂಬ ಆಳೆತ್ತರಕ್ಕಿಂತ ದೊಡ್ಡ ಗಿಡಗಳು ನಿಂತಿದ್ದವು. ದಪ್ಪ ಕಾಂಡ, ಕಾಂಡದ ತುಂಬ ಒಣಗಿದ ಎಲೆಯ ಕಂಬಳಿ, ತುದಿಯಲ್ಲಿ ಮಾತ್ರ ಎಲೆಗಳನ್ನೆಲ್ಲ ಒಟ್ಟು ಸೇರಿಸಿ ಬಿಗಿಯಾಗಿ ಮುಚ್ಚಿಕೊಂಡ ಒಂದು ತಲೆ.

"ಸುಮ್ನೆ ನೋಡ್ತಿರಿ," ಎಂದ ಮಂಗುಶೊ.

ಬಿಸಿಲು ಇಳಿಜಾರಿನ ಮೇಲಂಚಿಗೆ ಬಿತ್ತು. ಅಲ್ಲಿನ ಗಿಡಗಳು ನಿಧಾನವಾಗಿ ಎಲೆ ಬಿಚ್ಚತೊಡಗಿದವು. ಬಿಸಿಲು ಇಳಿದಂತೆ ಕೆಳಗಿನ ಸಾಲು ಬಿಚ್ಚಿತು, ಅದರ ಕೆಳಗಿನ ಸಾಲು ಬಿಚ್ಚಿತು. ಗಾಳಿಯಿಲ್ಲ, ಸದ್ದಿಲ್ಲ. ಇಡೀ ಗುಡ್ಡ ಮುಷ್ಟಿ ಸಡಿಲಿಸುತ್ತಿತ್ತು. ಚೆಸಾಂಗಳ ಕಣ್ಣಲ್ಲಿ ನೀರು ಬಂತು, ಯಾಕೆಂದು ಅವಳಿಗೇ ತಿಳಿಯಲಿಲ್ಲ. ಇದು ದಿನವೂ ನಡೆಯುತ್ತದೆ. ಅವಳು ಕೆಳಗೆ ಹಸು ಕರೆಯುತ್ತಿದ್ದ ಹೊತ್ತಿನಲ್ಲಿ, ಗಂಡನೊಂದಿಗೆ ಜಗಳವಾಡುತ್ತಿದ್ದ ಹೊತ್ತಿನಲ್ಲಿ, ದಿನ ತಪ್ಪದೆ ಇಲ್ಲಿ ಇದು ನಡೆದಿದೆ, ನೋಡುವವರು ಯಾರೂ ಬೇಕಾಗಿಲ್ಲದೆ.

"ಇದನ್ನ ದಿನಾ ನೋಡ್ತೀಯಾ ನೀನು?"

"ಜೇನಿನ ಕಾಲದಲ್ಲಿ ನೋಡ್ತೀನಿ."

"ಒಂದು ದಿನವಾದ್ರೂ ಬಂದು ಹೇಳಿದೀಯಾ?"

"ಹೇಳಿದ್ರೆ ನಂಬ್ತಿದ್ರಾ? ನಾನು ಹೇಳೋದರಲ್ಲಿ ಯಾವುದನ್ನ ನಂಬಿದೀರಿ?"

ಕೊಯ್ತೊಬೊಸ್ ಎಂಬ ಚಪ್ಪಟೆ ತಲೆಯ ಬಂಡೆಯ ಪಕ್ಕದಲ್ಲಿ ದಾರಿ ಏರಿತು. ಚೆಸಾಂಗ್ ಹತ್ತು ಹೆಜ್ಜೆಗೊಮ್ಮೆ ನಿಂತಳು, ಆಮೇಲೆ ಐದಕ್ಕೊಮ್ಮೆ. ಇನ್ನು ಸ್ವಲ್ಪ ಏರಿದರೆ ಬೆಟ್ಟದ ನೆತ್ತಿ, ಅಲ್ಲಿಂದ ಆಚೆಗಿನ ಇಳಿಜಾರು, ಅದರ ಬುಡದಲ್ಲಿ ಅಕ್ಕನ ಊರು, ಹೀಗೆಂದೇ ಅವಳು ಹುಟ್ಟಿದಾಗಿನಿಂದ ತಿಳಿದಿದ್ದಳು. ಬೆಟ್ಟವೆಂದ ಮೇಲೆ ನೆತ್ತಿ ಇರಬೇಕಲ್ಲ.

ನೆತ್ತಿ ಇರಲಿಲ್ಲ. ಏರು ಮುಗಿದ ಕಡೆ ನೆಲವೇ ಮುಗಿದಿತ್ತು. ಕಾಲ ಕೆಳಗೆ ಒಂದು ದೊಡ್ಡ ಬಯಲು ತಗ್ಗಾಗಿ ಬಿದ್ದಿತ್ತು, ಅರ್ಧ ದಿನ ನಡೆದರೂ ಆಚೆ ದಂಡೆ ಮುಟ್ಟಲಾಗದಷ್ಟು ಅಗಲ. ಸುತ್ತಲೂ ಮುರಿದ ಬಂಡೆಗಳ ಅಂಚು. ದೂರದ ಅಂಚಿನ ಶಿಖರಗಳು ನೀಲಿಯಾಗಿ, ಬೇರೆ ಯಾವುದೋ ಬೆಟ್ಟದವೆಂಬಂತೆ ಕಾಣುತ್ತಿದ್ದವು. ನಡುವೆ ಕೊಳಗಳು ಹೊಳೆಯುತ್ತಿದ್ದವು. ಮೋಡವೊಂದರ ನೆರಳು ಬಯಲನ್ನು ದಾಟುತ್ತಿತ್ತು, ದಾಟುತ್ತಲೇ ಇತ್ತು. ಚೆಸಾಂಗ್ ಕುಸಿದು ಕೂತಳು.

"ನಡು ಎಲ್ಲಿ ಹೋಯ್ತು?"

"ಬೆಂಕಿ ತಿಂತು. ಒಂದಾನೊಂದು ಕಾಲದಲ್ಲಿ ಒಳಗೆಲ್ಲ ಬೆಂಕಿಯಂತೆ. ಉಗುಳಿ ಉಗುಳಿ ಖಾಲಿಯಾದ ಮೇಲೆ ನೆತ್ತಿ ಕುಸಿದು ಒಳಗೆ ಬಿತ್ತು ಅಂತಿದ್ದ ನಮ್ಮಜ್ಜ. ಅವನಜ್ಜನೂ ನೋಡಿದ್ದಲ್ಲ ಬಿಡಿ."

ಅವರ ಹೊಲ, ಅವರ ಕಾಡು, ಗುಹೆ, ಊರು, ಅಪ್ಪನ ಸಮಾಧಿ ಎಲ್ಲ ಆ ಬೆಂಕಿ ಉಗುಳಿದ್ದರ ಮೇಲೆಯೇ ನಿಂತಿದ್ದವು. ಐವತ್ತಾರು ವರ್ಷ ಅವಳು ಒಂದು ಆರಿದ ಒಲೆಯ ಹೊರಗೋಡೆಯ ಮೇಲೆ ಬದುಕಿದ್ದಳು. ಅವಳಿಗೆ ಭಯವಾಯಿತು, ಭಯದ ಜೊತೆಗೇ ವಿಚಿತ್ರವಾದ ಒಂದು ಸಮಾಧಾನವೂ ಆಯಿತು. ಇಷ್ಟು ದೊಡ್ಡದನ್ನು ಕಂಡ ಮೇಲೆ ಸ್ವಲ್ಪ ಹೊತ್ತು ಅವಳಿಗೆ ತನ್ನ ಸಿಟ್ಟನ್ನು ಎಲ್ಲಿಟ್ಟಿದ್ದೇನೆಂದೇ ನೆನಪಾಗಲಿಲ್ಲ.

ಇಳಿದು ಹೋದರು. ಬಯಲಿನ ನೀರೆಲ್ಲ ಸೇರಿ ಹೊಳೆಯಾಗಿ, ಅಂಚಿನ ಗೋಡೆಯನ್ನು ಸೀಳಿಕೊಂಡು ಹೊರಗೆ ಬೀಳುವ ಜಾಗದ ಹತ್ತಿರ ಬುಗ್ಗೆಗಳಿದ್ದವು. ಅಲ್ಲಿಂದಾಚೆಗೆ ಬೇರೆ ದೇಶ ಎನ್ನುತ್ತದೆ ಸರ್ಕಾರ. ಬುಗ್ಗೆಗೆ ಅದು ಗೊತ್ತಿಲ್ಲ. ಕಲ್ಲುಗಳ ನಡುವಿನಿಂದ ಹಬೆ ಏಳುತ್ತಿತ್ತು. ಏಳೆಂಟು ಮುದುಕರು ಬಟ್ಟೆ ಮೇಲೆತ್ತಿ ನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಚೆಸಾಂಗ್ ಯಾರನ್ನು ಕೇಳಲಿ, ಹೇಗೆ ಕೇಳಲಿ ಎಂದು ನಿಂತಳು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬುದೇ ಅವಳ ಹೆದರಿಕೆ.

ಹಬೆಯೊಳಗಿಂದ ಒಂದು ಧ್ವನಿ ಬಂತು. "ಇಷ್ಟು ಹೊತ್ತಾ?"

ತಪ್ಲೆಲೆ ಬಹಳ ಸಣ್ಣಗಾಗಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಮುಂದಿನ ಹಲ್ಲಿರಲಿಲ್ಲ. ನಗು ಮಾತ್ರ ಹಾಗೆಯೇ ಇತ್ತು. ಚೆಸಾಂಗ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಅಲ್ಲೇ ಕರಗಿತು. ಅವಳು ಉಪ್ಪಿನ ಗಂಟನ್ನು ಅಕ್ಕನ ಮಡಿಲಿಗೆ ಎಸೆದು ಪಕ್ಕದಲ್ಲಿ ಕೂತು ಅದೇ ನೀರಿಗೆ ಕಾಲಿಟ್ಟಳು. ನೀರು ಚುರುಕ್ಕೆಂದಿತು.

ತಪ್ಲೆಲೆ ಗಂಟು ಬಿಚ್ಚಿ ಒಂದು ಚೂರು ನಾಲಿಗೆಗಿಟ್ಟಳು. "ನಮ್ಮ ಗುಹೆದು. ಆ ಕಡೆ ಗುಹೆಗಳ ಉಪ್ಪು ಕಹಿ." ಮತ್ತೊಂದು ಚೂರು ಬಾಯಿಗೆ ಹಾಕಿಕೊಂಡಳು. ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದಳು. "ಇಪ್ಪತ್ತು ವರ್ಷದಿಂದ ಪ್ರತಿ ಜನವರಿ ಇಲ್ಲಿಗೆ ಬರ್ತಿದೀನಿ. ಮಂಡಿ ನೋವು ಶುರುವಾಗಿದ್ದು ಮೊನ್ನೆ ಮೊನ್ನೆ."

ಚೆಸಾಂಗ್ ಆ ಮಾತನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಅರ್ಥವಾದ ಮೇಲೆ ಅತ್ತ ತಿರುಗಿ ಮೂಗು ಒರೆಸಿಕೊಂಡಳು.

"ಈ ಬೆಟ್ಟಾನೇ ತಣ್ಣಗಾಯ್ತು. ನಿನ್ನದಿನ್ನೂ ಆಗಿಲ್ವಾ?" ಎಂದಳು ತಪ್ಲೆಲೆ.

"ಬೆಟ್ಟವೂ ಪೂರ್ತಿ ಆಗಿಲ್ಲ. ಕಾಲು ಸುಡ್ತಿಲ್ವಾ ನಿಂಗೆ?"

ಇಬ್ಬರೂ ನಕ್ಕರು. ಆಚೆ ಬದಿಯ ಮುದುಕನೊಬ್ಬ, ನೀರು ಕದಡಬೇಡಿ ಎಂದು ಗದರಿದ.

"ನಿನ್ನ ಗಂಡ ಹೇಗಿದ್ದ?" ತಪ್ಲೆಲೆ ಕೇಳಿದಳು. "ನನಗೆ ಬರಬೇಕಾಗಿದ್ದವನು."

"ಒಳ್ಳೆಯವನೇ. ನಿನ್ನ ಮೇಲೆ ಸಿಟ್ಟು ಇಟ್ಕೊಂಡು ಅವನ ಜೊತೆ ಸುಖವಾಗೇ ಇದ್ದೆ. ಹೋಗಿ ಆರು ವರ್ಷ ಆಯ್ತು."

"ನನ್ನೋನು ಕುಡುಕ," ಎಂದಳು ತಪ್ಲೆಲೆ. "ಜೇನೆಲ್ಲ ಹೆಂಡವಾಗೋಯ್ತು."

ಆಮೇಲೆ ಚೆಸಾಂಗ್ ಕೂಸಿನ ವಿಷಯ ಹೇಳಿದಳು. ಹನ್ನೊಂದು ಹೆಸರು, ನಶ್ಯ, ಸೂಲಗಿತ್ತಿ ಹೇಳಿದ್ದು, ಎಲ್ಲವನ್ನೂ. ತಪ್ಲೆಲೆ ನೀರಿನಲ್ಲಿ ಕಾಲಾಡಿಸುತ್ತ ಕೇಳಿದಳು.

"ಹಾಗಾದ್ರೆ ನನಗೇ ಜಾಗ ಹಿಡಿದು ಕೂತಿದೆ."

"ಸುಮ್ನಿರು. ನೀನು ಬದುಕಿದೀಯ, ಮುಗೀತು. ಬೇರೆ ಯಾರೋ ಇರ್ತಾರೆ, ಹುಡುಕ್ತೀವಿ."

"ಹುಡುಕು. ಆದ್ರೆ ಶಾಸ್ತ್ರದಲ್ಲಿ ಕೂಗದೇ ಇದ್ರೂ, ಸುಮ್ನೆ ಮಾತಲ್ಲಿ ನನ್ನ ಹೆಸರು ಹೇಳಬಹುದಲ್ಲ? ಕೂಸಿಗೆ ದಿನಾ ನನ್ನ ಕಥೆ ಹೇಳು. ಹೆಸರು ಹಿಡಿದು ಹೇಳು. ಮಳೆ ಹಿಡಿದ ಮೇಲೆ ಈ ದಾರಿ ಮುಚ್ಚಿಹೋಗುತ್ತೆ, ಯಾರೂ ಸುದ್ದಿ ತರಲ್ಲ. ಅದು ಸೀನಲಿಲ್ಲ ಅಂದ್ರೆ ನಾನಿದೀನಿ ಅಂದ್ಕೋ."

"ಸೀನಿದ್ರೆ?"

ತಪ್ಲೆಲೆ ಸುತ್ತಲಿನ ಬಂಡೆಗಳ ಅಂಚನ್ನು ನೋಡಿದಳು. "ಅಂಗಳಕ್ಕೆ ಎತ್ಕೊಂಡು ಬಂದು ಬೆಟ್ಟ ತೋರಿಸು. ಇದರೊಳಗೆ ಏನಿದೆ ಅಂತ ಈಗ ನಿಂಗೆ ಗೊತ್ತಲ್ಲ."

ಮರುದಿನ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಹೊರಟರು. ಚೆಸಾಂಗ್ ಅಂಚಿಗೆ ಏರಿ ತಿರುಗಿದಾಗ ಬಯಲಿನ ಆ ತುದಿಯಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು. ಅಕ್ಕನೋ ಕಲ್ಲೋ ತಿಳಿಯಲಿಲ್ಲ. ಅದು ಕಾಣದಾಗುವವರೆಗೆ ನಿಂತಿದ್ದಳು, ಆದ್ದರಿಂದ ಕಲ್ಲಲ್ಲ.

ಮನೆಗೆ ಬಂದ ಮೇಲೆ ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಎದ್ದದ್ದೇ ಚೆಸಾಂಗ್ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ತಪ್ಲೆಲೆ ಒಂದ್ಸಲ ಏನು ಮಾಡಿದ್ಲು ಗೊತ್ತಾ," ಎಂದು ತೊಡಗುವಳು. ಅಷ್ಟು ಹೇಳಿ ಕೂಸಿನ ಮೂಗನ್ನೇ ನೋಡುವಳು. ಕೂಸು ಕಣ್ಣು ಮಿಟುಕಿಸುವುದು, ಕೈಕಾಲು ಬಡಿಯುವುದು, ಉಚ್ಚೆ ಹೊಯ್ಯುವುದು. ಸೀನದು. ಚೆಸಾಂಗ್ ಉಸಿರು ಬಿಟ್ಟು, ಕಥೆ ಮುಗಿಸಿ, ಹಾಡಿಕೊಳ್ಳುತ್ತ ಹಾಲು ಕರೆಯಲು ಹೋಗುವಳು. ನಲವತ್ತು ವರ್ಷ ಮುಚ್ಚಿಟ್ಟ ಹೆಸರು ಮನೆಯ ತುಂಬ ಓಡಾಡತೊಡಗಿತು.

ನಡುನಡುವೆ ಸೂಲಗಿತ್ತಿ ಬಂದು ಮರೆತುಹೋದ ಸತ್ತವರಲ್ಲಿ ಇನ್ನೂ ಇಬ್ಬರು ಮೂವರನ್ನು ಹುಡುಕಿ ಕೂಗಿದಳು. ಪ್ರಯೋಜನವಾಗಲಿಲ್ಲ. ಮಳೆ ಹಿಡಿಯಿತು, ಬೆಟ್ಟ ಮೋಡದೊಳಗೆ ಹೋಯಿತು. ಹೊಲದಲ್ಲಿ ಅವರೆ ಬಿತ್ತುವ ಕೆಲಸ ಶುರುವಾಯಿತು, ಯಾಪ್ಸಿವ ಒಳಗೇ ಉಳಿದಳು.

"ಅತ್ತೆ," ಎಂದಳು ಅವಳು ಒಂದು ದಿನ, "ನಾನು ನಾಲ್ಕು ತಿಂಗಳಿಂದ ಬಿಸಿಲು ನೋಡಿಲ್ಲ. ನನ್ನ ಮಗು ಬೇರೆಯವರ ಮುಂದೆ ಹೆಸರಿಲ್ಲದೆ ಇದೆ. ಇದು ಸೀನಲಿ ಅಂತ ನಾನು ಕಾಯ್ತಿದೀನಿ. ಸೀನದೇ ಇರಲಿ ಅಂತ ನೀವು ಕಾಯ್ತಿದೀರಿ. ಮುಚ್ಚಿಡಬೇಡಿ, ದಿನಾ ನೋಡ್ತಿದೀನಿ ನಿಮ್ಮ ಮುಖ."

ಸೊಸೆ ಹೇಳಿದ್ದು ನಿಜ. ಮೊಮ್ಮಗಳಿಗೆ ಹೆಸರು ಬರಲಿ ಎಂದು ಬೇಡಿದರೆ ಅಕ್ಕನ ಸಾವನ್ನು ಬೇಡಿದಂತೆ, ಅಕ್ಕ ಬಾಳಲಿ ಎಂದರೆ ಕೂಸು ಹೀಗೆಯೇ ಖಾಲಿ ಇರಲಿ ಎಂದಂತೆ. ಚೆಸಾಂಗ್ ಎರಡನ್ನೂ ಬೇಡಲಾರದೆ ಬೆಟ್ಟ ಇರುವ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಿದ್ದಳು.

ಬಿದಿರಿನ ಕಳಲೆ ಮೂಡುವ ಹೊತ್ತಿಗೆ, ಒಂದು ಬೆಳಿಗ್ಗೆ, ಗುಹೆಯ ಕಥೆ ಹೇಳುತ್ತಿದ್ದಳು. "ನಾನು ಏದುಸಿರು ಬಿಡ್ತಾ ಹೋಗಿ ನೋಡಿದ್ರೆ, ಗುಹೆ ಬಾಯಲ್ಲಿ ಕೂತಿದ್ದಾಳೆ ತಪ್ಲೆಲೆ."

ಕೂಸು ಸೀನಿತು.

ನಶ್ಯವಿರಲಿಲ್ಲ, ಹೊಗೆಯಿರಲಿಲ್ಲ. ಚೆಸಾಂಗ್ ಅಲುಗಾಡಲಿಲ್ಲ. ಒಲೆಯ ಹತ್ತಿರ ಯಾಪ್ಸಿವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಹೇಳದಿದ್ದರೂ ಆಗುತ್ತಿತ್ತು. ಶೀತದ ಸೀನು ಎಂದುಬಿಡಬಹುದಿತ್ತು. ಹಾಗೆಂದರೆ ಸೊಸೆ ನಂಬದಿದ್ದರೂ ಎದುರು ಮಾತಾಡುತ್ತಿರಲಿಲ್ಲ. ಅಕ್ಕ ಇನ್ನಷ್ಟು ದಿನ, ಬೆಟ್ಟದಾಚೆ, ಇದ್ದುಬಿಡುತ್ತಿದ್ದಳು.

"ತಪ್ಲೆಲೆ," ಎಂದಳು ಇನ್ನೊಮ್ಮೆ, ಮೆಲ್ಲಗೆ.

ಕೂಸು ಇನ್ನೊಮ್ಮೆ ಸೀನಿ, ಅವಳ ಮುಖ ನೋಡಿ ನಕ್ಕಿತು. ಹಲ್ಲಿಲ್ಲದ ಬಾಯಿ.

"ಏಳು, ಯಾಪ್ಸಿವ," ಎಂದಳು ಚೆಸಾಂಗ್. "ಅಂಗಳಕ್ಕೆ ನಡಿ. ನಿನ್ನ ಮಗಳಿಗೆ ಹೆಸರು ಬಂತು."

ಹೆಂಗಸರು ಬಂದು ನಾಲಿಗೆ ಹೊರಳಿಸಿ ಸಂತಸಕ್ಕೆ ಉಲಿದರು, ಹಾಲು ಚಿಮುಕಿಸಿದರು. ಸೂಲಗಿತ್ತಿ ಕೂಸಿನ ಹುಟ್ಟುಗೂದಲು ಬೋಳಿಸಿದಳು. ಆಮೇಲೆ ಚೆಸಾಂಗ್ ಅದೇ ಕತ್ತಿಯ ಮುಂದೆ ತಾನೂ ತಲೆ ಬಗ್ಗಿಸಿ ಕೂತಳು. ಒಡಹುಟ್ಟಿದವರು ಹೋದರೆ ಹಾಗೆ ತೆಗೆಸುವುದು. ಉಲಿಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಬೋಳುತಲೆಯ ಅಜ್ಜಿ ಬೋಳುತಲೆಯ ಮೊಮ್ಮಗಳನ್ನು ಎತ್ತಿಕೊಂಡು ಅಂಗಳದ ತುದಿಗೆ ಹೋದಳು. ಮೋಡ ಅಷ್ಟರಲ್ಲಿ ಸರಿದಿತ್ತು ಎಂದೇನೂ ಇಲ್ಲ, ಬೆಟ್ಟ ಕಾಣುತ್ತಿರಲಿಲ್ಲ. ಆದರೂ ಅತ್ತ ತೋರಿಸಿ, ಅದರೊಳಗೆ ಏನೇನಿದೆ ಎಂದು ಬಹಳ ಹೊತ್ತು ಹೇಳಿದಳು.

ಮಳೆ ಬಿಡುವು ಕೊಟ್ಟ ಮೇಲೆ ಮಂಗುಶೊ ಮೇಲಿನಿಂದ ಇಳಿದು ಬಂದ. ಎಂದೂ ಸುಮ್ಮನಿರದವನು ಅಂಗಳದಲ್ಲಿ ಮಾತಿಲ್ಲದೆ ನಿಂತ. ಚೆಸಾಂಗಳ ತಲೆಯ ಮೇಲೆ ಬೆರಳಗಲ ಬೆಳೆದ ಕೂದಲನ್ನು ನೋಡಿದ, ಕೂಸಿನ ತಲೆಯನ್ನೂ ನೋಡಿದ.

"ಕೊಗೊ, ಒಂದು ಸುದ್ದಿ ತಂದಿದ್ದೆ."

"ಗೊತ್ತು, ಕೂತ್ಕೋ," ಎಂದಳು ಚೆಸಾಂಗ್. "ನಿನಗಿಂತ ಮುಂಚೆ ಅವಳೇ ಬಂದ್ಲು. ಬೆಟ್ಟ ಹತ್ತೋದ್ರಲ್ಲಿ ಅವಳು ಯಾವತ್ತೂ ಮುಂದೆ."

ಕೂಸನ್ನು ಅವನ ಕೈಗೆ ಕೊಟ್ಟು, ಅವನಿಗೆ ಹುಳಿಹಾಲು ತರಲು ಒಳಗೆ ಹೋದಳು.